ಹದಿನೇಳನೇ ಪ್ರಶ್ನೆಗೆ ಐದು ಅಂಕ

೧೬ ಫೆಬ್ರವರಿ, ಭಾನುವಾರ
ಬೆಳಿಗ್ಗೆ ಹನ್ನೊಂದು ಗಂಟೆ

ನನ್ನ ಗುಂಡುಸೂಜಿಗೆ,

ನಾನು ಕ್ಷೇಮ ಅಂತ ಶುರು ಮಾಡಿದರೆ ನಿನಗೆ ಮೊದಲ ಸಾಲಿನಲ್ಲೇ ಸುಳ್ಳು ಸಿಗುತ್ತದೆ. ಎಡಗಡೆ ಮೊಣಕಾಲು ಕ್ಷೇಮವಿಲ್ಲ, ಬಲಗಡೆಯದು ಅದಕ್ಕೆ ಜೊತೆ ಕೊಡಲು ಹೊರಟಿದೆ. ಉಳಿದದ್ದು ನಡೆಯುತ್ತಿದೆ, ಕಾಲೊಂದು ಬಿಟ್ಟು.

ಕಾಗದ ತಡವಾಯಿತು. ನಿನ್ನ ಕಾರ್ಡು ಬಂದು ಒಂಬತ್ತು ವಾರ. ಅದರಲ್ಲಿದ್ದದ್ದು ಒಂದೂವರೆ ಸಾಲು: "ಐದು ಯಾಕೆ ಹಾಕಿದೆ, ಅಷ್ಟು ಮಾತ್ರ ಬರಿ. ಬೇರೇನೂ ಬೇಡ." ಒಂದೂವರೆ ಸಾಲಿಗೆ ಉತ್ತರ ಬರೆಯಲು ಒಂಬತ್ತು ವಾರ ತೆಗೆದುಕೊಂಡವಳನ್ನು ಸೋಮಾರಿ ಅನ್ನು, ಹೇಡಿ ಅನ್ನು. ಎರಡಕ್ಕೂ ಓಗೊಡುತ್ತೇನೆ. ಮೂರು ಸಲ ಬರೆದೆ, ಮೂರು ಸಲ ಹರಿದೆ. ಇದು ನಾಲ್ಕನೆಯದು. ಬೇರೇನೂ ಬೇಡ ಅಂದಿದ್ದೀಯ. ಆದರೆ ನಿನ್ನ ಅಮ್ಮ ಯಾವತ್ತು ಕೇಳಿದ್ದಷ್ಟೇ ಕೊಟ್ಟಿದ್ದಾಳೆ ಹೇಳು? ಒಂದು ಸೌಟು ಅಂದರೆ ಎರಡು ಸೌಟು ಬಡಿಸಿಯೇ ಅಭ್ಯಾಸ.

ಮೊದಲು ಅವಸರದ ಸುದ್ದಿ. ಬರುವ ಗುರುವಾರ ನಿನ್ನ ಗಂಡ ಮಗುವನ್ನು ಕರೆದುಕೊಂಡು ತನ್ನ ತಾಯಿಯ ಊರಿಗೆ ಹೋಗುತ್ತಿದ್ದಾನೆ. ನೋಡಿಬರಲು ಅಲ್ಲ, ಇರಲು. ಕನ್ನಡಕದ ಅಂಗಡಿಯನ್ನು ಪಾಲುದಾರನಿಗೆ ಬಿಟ್ಟುಕೊಟ್ಟಾಯಿತು. ಗೋಡೆಗೆ ತೂಗುಹಾಕಿದ್ದ ಆ ಕಣ್ಣು ಪರೀಕ್ಷೆಯ ಫಲಕವನ್ನೂ ಸುತ್ತಿ ಕಟ್ಟಿಟ್ಟಿದ್ದಾನೆ. ನಿನ್ನೆ ಸಂಜೆ ಬಂದು ಅಡುಗೆಮನೆ ಬಾಗಿಲಲ್ಲೇ ನಿಂತು ಹೇಳಿದ, "ಅತ್ತೆ, ನನಗೆ ಅವಳ ಮೇಲೆ ಕೋಪ ಇಲ್ಲ. ಬರ್ತೀನಿ ಅಂತ ಒಂದೇ ಒಂದು ಮಾತು ಬರೀಲಿ, ಟಿಕೆಟ್ ಹರಿದು ಹಾಕ್ತೀನಿ. ಆದ್ರೆ ಮಗು ಎಷ್ಟು ದಿನ ಅಂತ ಬಾಗಿಲು ನೋಡ್ಬೇಕು?" ನಾನು, "ಏಳು ತಿಂಗಳ ಕೂಸು ಬಾಗಿಲು ನೋಡಲ್ಲಪ್ಪ, ಫ್ಯಾನು ನೋಡುತ್ತೆ" ಅಂದೆ. ಅವನು ನಗಲಿಲ್ಲ. ಒಳ್ಳೆಯ ಹುಡುಗ. ಲೋಕಕ್ಕೆಲ್ಲ ದೃಷ್ಟಿ ಸರಿಮಾಡಿದವನು ಈಗ ಎದುರಿಗೆ ನಿಂತವರನ್ನೂ ಕಾಣದ ಹಾಗೆ ನೋಡುತ್ತಾನೆ.

ನಿನ್ನ ಅತ್ತೆ, ಅಂದರೆ ನನ್ನ ಬೀಗಿತ್ತಿ, ಬಂದು ತಿಂಗಳಾಯಿತು. ಅವರು ಬಂದ ಮೇಲೆ ಆ ಮನೆಯ ಬೀಗವೂ ಅವರದೇ, ಬೀಗುವುದೂ ಅವರದೇ. ಆದರೆ ನ್ಯಾಯವಾಗಿ ಹೇಳಬೇಕು, ಮಗುವನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ನಾನು ಡ್ಯೂಟಿ ಮುಗಿಸಿ ಹೋಗುವ ಹೊತ್ತಿಗೆ ಸ್ನಾನ, ಹಾಲು, ನಿದ್ದೆ ಎಲ್ಲ ಮುಗಿದಿರುತ್ತದೆ. ನನಗೆ ಉಳಿಯುವುದು ಒಣಗಿದ ಬಟ್ಟೆ ಮಡಚುವ ಕೆಲಸ. ಮಗುವಿಗೆ ಕೆಳಗಡೆ ಎರಡು ಹಲ್ಲು ಬಂದಿವೆ. ನಿನ್ನ ಹಾಗೇ ಮೊದಲು ಬಂದದ್ದು ಕಚ್ಚುವ ಶಕ್ತಿ, ಆಮೇಲೆ ನಗುವುದು.

ಆಸ್ಪತ್ರೆಯ ಸುದ್ದಿ ಹೇಳುತ್ತೇನೆ, ಓದು. ಇಲ್ಲದಿದ್ದರೆ ನಿನ್ನ ಪ್ರಶ್ನೆಯ ಹತ್ತಿರ ಬರಲು ನನಗೆ ದಾರಿಯಿಲ್ಲ.

ನಮ್ಮ ಡಾಕ್ಟರಮ್ಮನ ಅಧ್ಯಯನ ಮುಗಿಯಿತು. ಸಿಸೇರಿಯನ್ ಆದ ಇನ್ನೂರು ಜನ ತಾಯಂದಿರು. ನೂರು ಜನಕ್ಕೆ ಹಳೆಯ ಪದ್ಧತಿ: ಎದೆಯ ಮೇಲೆ ಹಸಿರು ಪರದೆ, ಗಂಡ ಹೊರಗೆ ಬೆಂಚಿನ ಮೇಲೆ, ಮಗು ಅತ್ತ ಕೂಡಲೇ "ಹೆಣ್ಣು" ಅಂತಲೋ "ಗಂಡು" ಅಂತಲೋ ಒಂದು ದನಿ, ಆಮೇಲೆ ಮಗು ಪಕ್ಕದ ಕೋಣೆಗೆ, ತಾಯಿ ಹೊಲಿಗೆಗೆ. ಇನ್ನು ನೂರು ಜನಕ್ಕೆ ಹೊಸದು. ಅದರ ಹೆಸರು ಕುಟುಂಬ ಸಮೇತ ಸಿಸೇರಿಯನ್, ಲಗ್ನಪತ್ರಿಕೆಯಲ್ಲಿ ಕರೆದ ಹಾಗೆ. ಗಂಡ ತಲೆಯ ಹತ್ತಿರ ಸ್ಟೂಲಿನ ಮೇಲೆ. ಮಗು ಬರುವ ಹೊತ್ತಿಗೆ ಪರದೆ ಇಳಿಸುತ್ತೇವೆ. ತಾಯಿ ನೋಡುತ್ತಿದ್ದಂತೆಯೇ ನಿಧಾನವಾಗಿ ಮಗುವನ್ನು ಹೊರತೆಗೆದು ನೇರ ಅವಳ ಎದೆಯ ಮೇಲೆ. ಬಗೆ ಎರಡಾದರೂ ಬಗೆಯುವುದು ಹೊಟ್ಟೆಯನ್ನೇ ಅಂತ ನಾನು ಅಂದದ್ದಕ್ಕೆ ಡಾಕ್ಟರಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಮೊದಲ ವಾರ ಒಬ್ಬ ಬಸ್ ಕಂಡಕ್ಟರ್. ಪರದೆ ಇಳಿಯಿತು, ಅವನೂ ಸ್ಟೂಲಿನಿಂದ ಇಳಿದ, ಸೀದಾ ನೆಲಕ್ಕೆ. ಹೆಂಡತಿ ಮಲಗಿದಲ್ಲಿಂದಲೇ, "ದಿನಾ ಅಷ್ಟು ಜನನ್ನ ಇಳಿಸ್ತಾನೆ ಸಿಸ್ಟರ್, ಇವತ್ತು ಇವನ ಸ್ಟಾಪು" ಅಂದಳು.

ನನ್ನ ಕೆಲಸ ನಿನಗೆ ಗೊತ್ತು. ಮೊಣಕಾಲು ಕೈಕೊಟ್ಟ ಮೇಲೆ ಆಪರೇಷನ್ ಕೋಣೆಯಿಂದ ನನ್ನನ್ನು ಪ್ರಶ್ನೆ ಕೇಳುವುದಕ್ಕೆ ಹಾಕಿದರು. ಮೂರನೇ ದಿನ ಪ್ರತಿ ಹಾಸಿಗೆಗೂ ಹೋಗಿ ಇಪ್ಪತ್ತು ಪ್ರಶ್ನೆ, ಒಂದೊಂದಕ್ಕೂ ಒಂದರಿಂದ ಐದರ ತನಕ ಅಂಕ. ಐದು ಅಂದರೆ ಪೂರ್ಣ ತೃಪ್ತಿ. "ತೃಪ್ತಿ ಆಯ್ತಾ?" ಅಂತ ಕೇಳಿದರೆ ಅರ್ಧ ಜನ, "ಇನ್ನೊಂದು ಬ್ರೆಡ್ಡು ಇದ್ರೆ ಆಗ್ತಿತ್ತು" ಅನ್ನುತ್ತಿದ್ದರು. ನಗಬೇಡಿ, ಹೊಲಿಗೆ ನೋಯುತ್ತೆ ಅಂತ ನಾನೇ ಹೇಳಿ, ನಾನೇ ನಗಿಸುತ್ತಿದ್ದೆ.

ಹದಿನೇಳನೆಯ ಪ್ರಶ್ನೆ ಮಾತ್ರ ಬೇರೆ ಥರದ್ದು. "ಮಗುವನ್ನು ಮೊದಲು ನೋಡಿದಾಗ ಇದು ನನ್ನದು ಅನ್ನಿಸಿತು." ಅದಕ್ಕೆ ಒಂದೋ ಎರಡೋ ಹಾಕಿದವರ ಹೆಸರಿನ ಮುಂದೆ ಕೆಂಪು ಗುರುತು. ಎರಡು ವಾರದೊಳಗೆ ಮಾತಾಡಿಸುವ ಮೇಡಂ, ಅದೇ ಕೌನ್ಸೆಲರ್, ಆ ತಾಯಂದಿರ ಮನೆಗೇ ಹೋಗಬೇಕು, ಹೋಗುತ್ತಲೇ ಇರಬೇಕು. ಅದು ನಿಯಮ. ಇನ್ನೊಂದು ನಿಯಮವೂ ಇತ್ತು: ಸ್ವಂತದವರನ್ನು ಪ್ರಶ್ನೆ ಕೇಳುವ ಹಾಗಿಲ್ಲ. ನಿನ್ನ ಸರದಿ ಬಂದ ದಿನ ಜೊತೆಯ ಸಿಸ್ಟರ್ ರಜೆ. ನನ್ನ ಮಗಳು, ನಾನೇ ಕೇಳಿಬಿಡ್ತೀನಿ ಅಂತ ಫೈಲು ಹಿಡಿದು ಕುಣಿಯುತ್ತಾ ಬಂದೆ.

ನಿನ್ನದು ಹೊಸ ಪದ್ಧತಿ. ಡಾಕ್ಟರಮ್ಮ ಎಷ್ಟು ಚೆನ್ನಾಗಿ ಮಾಡಿದರು ಅಂದರೆ ಅವತ್ತು ಅಲ್ಲಿದ್ದವರೆಲ್ಲ ಕಣ್ಣೊರೆಸಿಕೊಂಡರು. ನಿನ್ನ ಗಂಡ ಬೀಳಲಿಲ್ಲ. ಮಗು ನಿನ್ನ ಎದೆಯ ಮೇಲೆ ನಲವತ್ತು ನಿಮಿಷ ಇತ್ತು. ಗೋಡೆಯ ಗಡಿಯಾರ ನೋಡುತ್ತಾ ನಿಂತಿದ್ದವಳು ನಾನೇ.

ಮೂರನೇ ದಿನ ನೀನು ಹದಿನಾರು ಪ್ರಶ್ನೆಗೆ ನಾಲ್ಕು, ಐದು ಅಂತ ಹೇಳುತ್ತಾ ಬಂದೆ. ಹದಿನೇಳಕ್ಕೆ ಬಂದಾಗ, "ಒಂದು" ಅಂದೆ.

"ತಮಾಷೆ ಮಾಡ್ಬೇಡ ಕಣೇ."

"ತಮಾಷೆ ನಿನ್ನ ಇಲಾಖೆ, ಅಮ್ಮ. ಒಂದು ಬರ್ಕೋ. ಬಸ್‌ಸ್ಟಾಂಡಲ್ಲಿ ಯಾರೋ ಬಂದು, ಸ್ವಲ್ಪ ಇದನ್ನ ಹಿಡ್ಕೊಂಡಿರಿ, ಈಗ ಬರ್ತೀನಿ ಅಂತ ಕೊಟ್ಟು ಹೋದ ಹಾಗಿತ್ತು. ಮೂರು ದಿನದಿಂದ ಹಿಡ್ಕೊಂಡಿದ್ದೀನಿ. ಅವರು ಇನ್ನೂ ಬಂದಿಲ್ಲ."

ನಾನು ಏನಂದೆ ನೆನಪಿದೆಯಾ? "ಬಂದ್ರೆ ರಸೀದಿ ಕೇಳೋಣ ಬಿಡು" ಅಂದೆ. ನೀನು ಗೋಡೆಯ ಕಡೆ ತಿರುಗಿದೆ. ನಾನು ಐದು ಬರೆದೆ.

ಆಮೇಲಿನದು ನಿನಗೆ ಗೊತ್ತಿರುವುದೇ. ನಾಲ್ಕು ತಿಂಗಳು ನೀನು ಮಗುವಿಗೆ ಹಾಲು ಕೊಟ್ಟೆ, ಬಟ್ಟೆ ಬದಲಿಸಿದೆ, ಅದರ ಉಗುರು ಕತ್ತರಿಸಿದೆ, ಎಲ್ಲವನ್ನೂ ನಿನ್ನ ನಕ್ಷೆ ಕಚೇರಿಯ ಕೆಲಸದ ಹಾಗೆ ಗೆರೆ ತಪ್ಪದೆ. ನೋಡಿದವರೆಲ್ಲ ಹೊಗಳಿದರು. ಅದರ ಹೆಸರು ಮಾತ್ರ ನಿನ್ನ ಬಾಯಲ್ಲಿ ಬರುತ್ತಿರಲಿಲ್ಲ, "ಮಗು ಎದ್ದಿದೆ", "ಮಗುಗೆ ಹಸಿವು" ಅಷ್ಟೇ. ನಾನು ಕಂಡೆ. ಕಂಡು ಜೋಕು ಹೊಡೆದೆ. ನವೆಂಬರಿನಲ್ಲಿ ಒಂದು ದಿನ ನಿನ್ನ ಪಕ್ಕದ ಹಾಸಿಗೆಯಲ್ಲಿದ್ದ ಟೈಲರಮ್ಮ ನಿನಗೆ ಅಂಗಡಿಯಲ್ಲಿ ಸಿಕ್ಕಳು. ಅವಳದು ಹಳೆಯ ಪದ್ಧತಿ. ಅವಳು ಹದಿನೇಳಕ್ಕೆ ಎರಡು ಹಾಕಿದ್ದಳು, ಮೇಡಂ ಎಂಟು ಸಲ ಬಂದಿದ್ದರು. "ಇಲ್ದಿದ್ರೆ ನಾನು ಈ ಹೊತ್ತಿಗೆ ಎಲ್ಲಿರ್ತಿದ್ನೋ. ನಿಮ್ಮನೆಗೂ ಬಂದಿರ್ಬೇಕಲ್ಲ?" ಅಂತ ಕೇಳಿದಳಂತೆ. ನೀನು ಸೀದಾ ಆಸ್ಪತ್ರೆಗೆ ಬಂದೆ, ನನ್ನ ಮೇಜಿನ ಮೇಲಿನ ಫೈಲು ತೆಗೆದೆ, ನನ್ನ ಅಕ್ಷರ ನೋಡಿದೆ.

"ನಂದು ಒಂದು ಅಂದಿದ್ದೆ ಅಮ್ಮ. ಯಾಕೆ ಐದು ಹಾಕಿದೆ?"

"ಕೈ ತಪ್ಪಿತು ಕಣೇ" ಅಂದೆ. ಮೂವತ್ತೆರಡು ವರ್ಷ ಆಪರೇಷನ್ ಕೋಣೆಯಲ್ಲಿ ಕೈ ತಪ್ಪದವಳು. ನೀನು ಫೈಲನ್ನು ಎಷ್ಟು ಮೆಲ್ಲಗೆ ಮುಚ್ಚಿದೆ ಅಂದರೆ, ಬಡಿದು ಹೋಗಿದ್ದರೆ ಚೆನ್ನಾಗಿತ್ತು. ಅವತ್ತೇ ಸಂಜೆ ಮಗುವನ್ನು ಇಲ್ಲೇ ಬಿಟ್ಟು ನೀನು ಚೀಲ ತೆಗೆದುಕೊಂಡು ಹೊರಟೆ.

ಮೊನ್ನೆ ಮಂಗಳವಾರ ಡಾಕ್ಟರಮ್ಮ ಸಭೆಯಲ್ಲಿ ಫಲಿತಾಂಶ ಓದಿದರು. ಹೊಸ ಪದ್ಧತಿಯ ತಾಯಂದಿರ ತೃಪ್ತಿ ಹಳೆಯದಕ್ಕಿಂತ ಬಹಳ ಮೇಲಂತೆ. ಚಪ್ಪಾಳೆಯಾಯಿತು. ನಿಜವೂ ಇರಬಹುದು. ನೂರರಲ್ಲಿ ತೊಂಬತ್ತು ಜನ ನಿಜವಾಗಿಯೂ ಮಗುವಿನಿಂದ ಕಣ್ಣು ಕೀಳುತ್ತಿರಲಿಲ್ಲ, ನಾನೇ ಕಂಡಿದ್ದೇನೆ. ಸಭೆ ಮುಗಿದ ಮೇಲೆ ಅವರ ಕೋಣೆಗೆ ಹೋಗಿ ಹೇಳಿದೆ: "ಡಾಕ್ಟರಮ್ಮ, ಅದರಲ್ಲಿ ಒಂದು ಐದು ಸುಳ್ಳು. ನನ್ನ ಮಗಳದ್ದು. ಅವಳು ಒಂದು ಅಂದಿದ್ದಳು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇನ್ನೂರರಲ್ಲಿ ಒಂದು, ಸಿಸ್ಟರ್. ಫಲಿತಾಂಶ ಬದಲಾಗೋದಿಲ್ಲ. ಆದ್ರೆ ಮಗಳು ಹೇಗಿದ್ದಾಳೆ?" ಅಂದರು. ಮಾತಾಡಿಸುವ ಮೇಡಂ ಅನ್ನು ಈಗಲಾದರೂ ಕಳಿಸುತ್ತೇನೆ ಅಂದರು. ಎಲ್ಲಿಗೆ ಅಂತ ಕೇಳಿದಾಗ ನನ್ನ ಹತ್ತಿರ ಇದ್ದದ್ದು ಒಂದು ಹಾಸ್ಟೆಲ್ಲಿನ ವಿಳಾಸ, ಬೇರೆ ಊರಿನದು. ಅಷ್ಟು ದೂರ ಅವರ ವ್ಯವಸ್ಥೆ ಇಲ್ಲವಂತೆ. ನಾಳೆಯಿಂದ ನನಗೆ ಪ್ರಶ್ನೆ ಕೇಳುವ ಕೆಲಸವಿಲ್ಲ, ಬಟ್ಟೆ ಲೆಕ್ಕಕ್ಕೆ ಹಾಕಿದ್ದಾರೆ. ಬೇಸರವಿಲ್ಲ. ಬೆಡ್‌ಶೀಟುಗಳನ್ನು ತೃಪ್ತಿಯಾಯಿತೇ ಅಂತ ಯಾರೂ ಕೇಳುವುದಿಲ್ಲ.

ನಿನಗೆ ಗುರುವಾರದೊಳಗೆ ಈ ಕಾಗದ ಸೇರುತ್ತದೋ ಇಲ್ಲವೋ. ಸೇರಿದರೂ ನೀನು ಬರುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ಗಾಡಿ ಹತ್ತೂವರೆಗೆ. ನಾನು ಸ್ಟೇಷನ್ನಿಗೆ ಹೋಗಿ ಕೈ ಬೀಸುತ್ತೇನೆ. ನಿನ್ನ ಗಂಡನ ಹೊಸ ಅಡ್ರೆಸ್ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ, ಬೇಕಾದ ದಿನಕ್ಕೆ ಇರಲಿ.

ಹೊತ್ತಿಗೆ ಸರಿಯಾಗಿ ತಿನ್ನು. ನಕ್ಷೆ ಬರೆಯುವಾಗ ಬೆನ್ನು ಬಗ್ಗಿಸಬೇಡ. ನಿದ್ದೆ ಬರದಿದ್ದರೆ ಅಲ್ಲಿಯೇ ಯಾರಾದರೂ ವೈದ್ಯರಿಗೆ ತೋರಿಸು. ಅಮ್ಮನ ಹತ್ತಿರ ಹೇಳಿದ ಹಾಗಲ್ಲ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳುತ್ತಾರೆ. ನಿನಗೆ ಒಳ್ಳೆಯದಾಗಲಿ, ನನ್ನಿಂದ ಆಗದಿದ್ದದ್ದು ಬೇರೆ ಯಾರಿಂದಲಾದರೂ ಆಗಲಿ.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ. ಇಷ್ಟು ಹೊತ್ತು ಸುತ್ತು ಹಾಕಿದ್ದೇ ಇದನ್ನು ಬರೆಯದೆ ಮುಗಿಸಬಹುದೇನೋ ಅಂತ.

ನೀನು ಹುಟ್ಟಿದ್ದು ಹಳೆಯ ಪದ್ಧತಿಯಲ್ಲಿ. ಎದೆಯ ಮೇಲೆ ಅದೇ ಪರದೆ, ನೀನು ಅತ್ತ ಕೂಡಲೇ ನನಗೆ ನಿದ್ದೆಯ ಮದ್ದು ಕೊಟ್ಟರು. ಎರಡನೇ ದಿನ ಬಟ್ಟೆಯಲ್ಲಿ ಸುತ್ತಿ ಕೈಗಿಟ್ಟರು. ನನಗೆ ಏನೂ ಅನ್ನಿಸಲಿಲ್ಲ. ನಾಳೆ ಅನ್ನಿಸುತ್ತದೆ ಅಂದುಕೊಂಡೆ. ನೀನು ಶಾಲೆಗೆ ಹೋಗುವ ತನಕವೂ ನಾಳೆ ಅಂತಲೇ ಅಂದುಕೊಂಡಿದ್ದೆ. ಬೇರೆ ಅಮ್ಮಂದಿರು ಹೇಗೆ ಮಾಡುತ್ತಾರೆ ಅಂತ ಕದ್ದು ನೋಡಿ, ಹಾಗೇ ಮಾಡಿದೆ. ನಿನ್ನನ್ನು ನಗಿಸಲು ಕಲಿತೆ. ಒಂದು ಮನೆಯಲ್ಲಿ ನಗು ಇದ್ದರೆ ಇನ್ನೇನು ಇಲ್ಲ ಅಂತ ಯಾರೂ ಹುಡುಕುವುದಿಲ್ಲ.

ತಪ್ಪೆಲ್ಲ ಆ ಪರದೆಯದು ಅಂತ ನಂಬಿದ್ದೆ. ನೋಡಲು ಬಿಟ್ಟಿದ್ದರೆ, ಎದೆಯ ಮೇಲೆ ಇಟ್ಟಿದ್ದರೆ, ನಾನೂ ಎಲ್ಲರಂತೆ ಆಗುತ್ತಿದ್ದೆ. ಅದನ್ನು ಇಳಿಸಿ ಅಂತ ಡಾಕ್ಟರಮ್ಮನ ಬೆನ್ನು ಹತ್ತಿದವಳು ನಾನೇ, ವರ್ಷಗಟ್ಟಲೆ. ನಿನಗೆ ಪರದೆ ಇರಲಿಲ್ಲ. ಗಂಡ ಪಕ್ಕದಲ್ಲಿದ್ದ, ಮಗು ಎದೆಯ ಮೇಲಿತ್ತು, ನಾನು ಗಡಿಯಾರ ನೋಡುತ್ತಿದ್ದೆ. ಆಮೇಲೂ ನೀನು ಒಂದು ಅಂದೆ. ಅದನ್ನು ಬರೆದಿದ್ದರೆ, ಪರದೆಯದು ಏನೂ ತಪ್ಪಿರಲಿಲ್ಲ ಅಂತ ನನ್ನ ಕೈಯಾರೆ ಬರೆದ ಹಾಗಾಗುತ್ತಿತ್ತು. ಅದಕ್ಕೆ ಐದು ಹಾಕಿದೆ. ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ.

ಬಂದು ಮಗುವನ್ನು ಒಂದು ಸಲ ಎತ್ತಿಕೋ, ಎಲ್ಲ ತಾನಾಗಿ ಸರಿಹೋಗುತ್ತದೆ ಅಂತ ಬೇರೆ ಯಾವ ಅಮ್ಮನಾದರೂ ಬರೆಯುತ್ತಿದ್ದಳು. ನನಗೆ ಬರೆಯಲಾಗುತ್ತಿಲ್ಲ. ನಾನು ನಿನ್ನನ್ನು ಎತ್ತಿಕೊಂಡೇ ಇದ್ದೆ.