ಬಾರಿನ ಮೂರನೇ ಒಂದು ಭಾಗ ತಿನ್ನುವ ಮಗು ಎಲ್ಲಿದೆ?

ಆಹಾರದ ಪೊಟ್ಟಣಗಳ ಬರಹಕ್ಕೆ ಒಪ್ಪಿಗೆ ಕೊಡುವ ಕಚೇರಿಯ ಮುಖ್ಯಾಧಿಕಾರಿಗಳೇ,

ಮಕ್ಕಳ ತಿಂಡಿ ಬಾರನ್ನು ಮೂರು ತುಂಡು ಮಾಡಿ, ಒಂದನ್ನು ತಿಂದು, ಉಳಿದೆರಡನ್ನು ಎತ್ತಿಡುವ ಮಗುವನ್ನು ತಾವು ಎಲ್ಲಿ ಕಂಡಿರಿ? ದಯಮಾಡಿ ಅದರ ವಿಳಾಸ ಕೊಡಿ. ಹೆತ್ತವರ ಕಾಲಿಗೆ ಬಿದ್ದು ಬರುತ್ತೇನೆ. ತಮ್ಮ ಒಪ್ಪಿಗೆ ಪಡೆದ ಬಾರೊಂದರ ರ‍್ಯಾಪರಿನ ಹಿಂಬದಿಯಲ್ಲಿ 'ಒಂದು ಸಲದ ಸೇವನೆ ಹತ್ತು ಗ್ರಾಂ, ಅದರಲ್ಲಿ ಸಕ್ಕರೆ ನಾಲ್ಕು ಗ್ರಾಂ' ಎಂದಿದೆ. ಇಡೀ ಬಾರು ಮೂವತ್ತು ಗ್ರಾಂ ತೂಗುತ್ತದೆ. ಆ ಸಂಗತಿ ಮಾತ್ರ ಅಂಟಿಸಿದ ಮಡಿಕೆಯ ಪಕ್ಕದಲ್ಲಿ, ಇರುವೆಯೂ ಕನ್ನಡಕ ಹುಡುಕಬೇಕಾದಷ್ಟು ಸಣ್ಣಗೆ ಅಚ್ಚಾಗಿದೆ. ಮುಂಬದಿಯಲ್ಲಿ ನಗುವ ಅಳಿಲು, 'ಬೆಳೆಯುವ ಮಕ್ಕಳಿಗೆ ಶಕ್ತಿ' ಎಂಬ ಭರವಸೆ. ಲೆಕ್ಕ ಹಾಕಿದರೆ ಇಡೀ ಬಾರಿನಲ್ಲಿ ಹನ್ನೆರಡು ಗ್ರಾಂ, ಅಂದರೆ ಮೂರು ಚಮಚ ಸಕ್ಕರೆ.

ಇಷ್ಟು ದಿನ ನೀನೇಕೆ ಸುಮ್ಮನಿದ್ದೆ ಎಂದು ತಾವು ಕೇಳಬಹುದು. ಆ ರ‍್ಯಾಪರು ಅಚ್ಚಾಗುವ ಮುದ್ರಣಾಲಯದಲ್ಲಿ ಕರಡು ತಿದ್ದುವವನು ನಾನೇ. ನಮ್ಮಲ್ಲಿ ಒಂದು ಪದ್ಧತಿಯಿದೆ. ಕರಡನ್ನು ಕೊನೆಯ ಪದದಿಂದ ಮೊದಲ ಪದದ ಕಡೆಗೆ ಓದುತ್ತೇವೆ. ನೇರವಾಗಿ ಓದಿದರೆ ಅರ್ಥದ ಹಿಂದೆ ಮನಸ್ಸು ಓಡಿಬಿಡುತ್ತದೆ, ತಪ್ಪಕ್ಷರ ಕಣ್ತಪ್ಪಿಸಿಕೊಳ್ಳುತ್ತದೆ. ಹಾಗೆ ಹಿಂದುಮುಂದಾಗಿ ಓದಿ, ಒಂದು ಕೊಂಬೂ ಒಂದು ದೀರ್ಘವೂ ತಪ್ಪಿಲ್ಲವೆಂದು ಮುದ್ರೆ ಒತ್ತಿದೆ. ಸಾಲದ್ದಕ್ಕೆ ಅದೇ ಬಾರಿನ ಡಬ್ಬಿಯೊಂದನ್ನು ಮನೆಗೂ ಒಯ್ದೆ. ನಾಲ್ಕು ಗ್ರಾಂ ಎಂಬುದೊಂದೇ ತಲೆಯಲ್ಲಿ ಉಳಿದಿತ್ತು.

ಮನೆಯಲ್ಲಿ ಎಂಟು ವರ್ಷದ ಮಗಳು. ಅವಳ ತಾಯಿ ತೀರಿಕೊಂಡು ಎರಡು ವರ್ಷವಾಯಿತು. ಶಾಲೆ ಮೂರಕ್ಕೆ ಬಿಡುತ್ತದೆ, ನಾನು ಬರುವುದು ಆರೂವರೆಗೆ. ಅವಳೇ ಬೀಗ ತೆಗೆದು, ಬೂಟು ಕಳಚಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಎರಡು ಬಾರು ತಿನ್ನುತ್ತಿದ್ದಳು. ನಾನು ಬಂದು ಒಲೆ ಹಚ್ಚಿದರೆ, "ನಂಗೆ ಹಸಿವಿಲ್ಲ ಅಪ್ಪಾ" ಎನ್ನುತ್ತಿದ್ದಳು. ನಾನು ನಂಬುತ್ತಿದ್ದೆ. ನಿಜ ಹೇಳಬೇಕೆಂದರೆ, ದಿನವಿಡೀ ಕರಡು ತಿದ್ದಿ ಸೋತು ಬಂದವನಿಗೆ ಆ ಮಾತು ಅನುಕೂಲವಾಗಿತ್ತು.

ಒಂದು ದಿನ ಆಟದ ಬಯಲಿನಲ್ಲಿ ತಲೆಸುತ್ತಿ ಬಿದ್ದಳು. ರಕ್ತ ಕಡಿಮೆಯಿದೆ, ನಾಲ್ಕು ಹಲ್ಲು ಹುಳುಕಾಗಿವೆ ಎಂದರು ವೈದ್ಯೆ.

"ಸಾಯಂಕಾಲ ಏನ್ ತಿಂತಾಳೆ?"

"ಬಾರು, ಡಾಕ್ಟ್ರೇ. ಬರೀ ನಾಲ್ಕು ಗ್ರಾಂ ಸಕ್ಕರೆ. ನಾನೇ ಓದಿದ್ದೀನಿ."

ಅವರು ಮಗಳ ಚೀಲದಿಂದ ಒಂದು ರ‍್ಯಾಪರು ತೆಗೆದು ನನ್ನ ಕೈಗಿತ್ತರು. "ಇನ್ನೊಂದ್ಸಲ ಓದಿ. ನಂಗೂ ಕೇಳಿಸ್ಲಿ."

ಅಂದು ಮೊದಲ ಸಲ ಅದನ್ನು ಮುಂದಿನಿಂದ ಓದಿದೆ. ಮೂರನೇ ಸಾಲಿಗೆ ಬಂದವನು ರ‍್ಯಾಪರು ತಿರುಗಿಸಿ, ಮಡಿಕೆಯ ಪಕ್ಕದ ತೂಕವನ್ನು ಹುಡುಕಿ ಓದಿದೆ. ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು, ಪ್ರೋಟೀನು ಒಂದು ಹಿಡಿ ಕಡಲೆಕಾಯಿಯಲ್ಲಿ ಇರುವುದಕ್ಕಿಂತ ಕಡಿಮೆ. ಒಂದು ಬಾರಿನ ಬೆಲೆಗೆ ನಾಲ್ಕು ಬಾಳೆಹಣ್ಣು ಬರುತ್ತವೆ. ಪಾಪ, ಬಾಳೆಹಣ್ಣಿಗೆ ಅಳಿಲಿನ ಚಿತ್ರ ಬಿಡಿಸಿಕೊಡುವವರು ಯಾರೂ ಇಲ್ಲ.

ಆ ಸಂಜೆ ತಮ್ಮ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ ನೋಡಿದೆ. ಬಾರನ್ನು ಚಾಕುವಿನಿಂದ ಮೂರು ತುಂಡು ಮಾಡಿ, ಒಂದನ್ನು ತಟ್ಟೆಯಲ್ಲಿಟ್ಟೆ. ಮಗಳು ತಟ್ಟೆಯನ್ನೂ ನನ್ನ ಮುಖವನ್ನೂ ನೋಡಿ, "ಮಿಕ್ಕಿದ್ದು ಇಲಿಗಾ ಅಪ್ಪಾ?" ಎಂದಳು. ಎಂಟು ವರ್ಷದವಳಿಗೆ ಹೊಳೆದದ್ದು ತಮ್ಮ ಇಡೀ ಕಚೇರಿಗೆ ಹೊಳೆಯಲಿಲ್ಲವೇ?

ಆ ವಾರವೇ ಅವಳ ಚಿಕ್ಕಮ್ಮ ಬಂದಳು. "ಬೇಜಾರು ಮಾಡ್ಕೋಬೇಡಿ ಭಾವ, ಮೈಯಲ್ಲಿ ರಕ್ತ ತುಂಬೋವರೆಗೂ ನನ್ನ ಹತ್ರ ಇರ್ಲಿ" ಎಂದು ಬಟ್ಟೆಬರೆ ಕಟ್ಟಿಕೊಂಡು ಕರೆದೊಯ್ದಳು. ಬೇಡವೆನ್ನಲು ನನಗೆ ಯಾವ ಮುಖವಿತ್ತು? ಈಗ ಮನೆ ಭಣಭಣ ಎನ್ನುತ್ತದೆ. ಬೀಗ ನಾನೇ ತೆಗೆಯುತ್ತೇನೆ. ಒಬ್ಬನಿಗಾಗಿ ಎಷ್ಟು ಅಕ್ಕಿ ಹಾಕಬೇಕೆಂಬುದು ಇನ್ನೂ ಕೈಗೆ ಹತ್ತಿಲ್ಲ. ಮೊನ್ನೆ ಫೋನಿನಲ್ಲಿ ಮಗಳು ಖುಷಿಯಾಗಿ ಹೇಳಿದಳು: "ಅಪ್ಪಾ, ಇಲ್ಲಿ ನಾನ್ ತಿನ್ನೋವಾಗ ಯಾರಾದ್ರೂ ಪಕ್ಕದಲ್ಲಿ ಕೂತಿರ್ತಾರೆ." ಈ ಕೊರತೆಯನ್ನು ತಮ್ಮ ತಲೆಗೆ ಕಟ್ಟುವುದಿಲ್ಲ, ಮಾನ್ಯರೇ. ಅದು ನನ್ನದು. ಸಕ್ಕರೆಯನ್ನು ಮೂರರಿಂದ ಭಾಗಿಸಲು ಬಿಟ್ಟದ್ದು ಮಾತ್ರ ತಾವು.

ಅದೇ ರ‍್ಯಾಪರಿನ ಹೊಸ ಕರಡು ಮೂರು ದಿನದಿಂದ ನನ್ನ ಮೇಜಿನ ಮೇಲಿದೆ. "ಅಕ್ಷರ ಎಲ್ಲಾ ಸರಿಯಾಗಿದೆಯಲ್ರೀ, ಮುದ್ರೆ ಒತ್ತಿ ಕಳ್ಸಿ" ಎಂದು ಮೇಲ್ವಿಚಾರಕರು ಎರಡು ಸಲ ಬಂದು ಹೋದರು. ನಾನು ಒತ್ತಿಲ್ಲ. ನಾನು ಒತ್ತದಿದ್ದರೆ ಪಕ್ಕದ ಮೇಜಿನವರು ಒತ್ತುತ್ತಾರೆ ಎಂಬುದೂ ಗೊತ್ತು. ಆದ್ದರಿಂದ ಕೇಳುತ್ತಿದ್ದೇನೆ: ಇಡೀ ಬಾರಿನಲ್ಲಿ ಎಷ್ಟು ಚಮಚ ಸಕ್ಕರೆಯಿದೆ ಎಂಬುದನ್ನು ಮುಂಬದಿಯಲ್ಲೇ, ಆ ಅಳಿಲಿನಷ್ಟೇ ದೊಡ್ಡದಾಗಿ ಅಚ್ಚು ಹಾಕಬೇಕೆಂದು ಆದೇಶ ಹೊರಡಿಸಿ. ಪರಿಶೀಲಿಸುತ್ತೇವೆ ಎಂಬ ಒಣ ಉತ್ತರ ಬೇಡ.

ಬರುವ ತಿಂಗಳು ಮಗಳ ರಕ್ತವನ್ನು ಮತ್ತೆ ಪರೀಕ್ಷಿಸುತ್ತಾರೆ. ಸರಿಹೋಗಿದ್ದರೆ ಕರೆದುಕೊಂಡು ಹೋಗಬಹುದು ಎಂದು ನಾದಿನಿ ಹೇಳಿದ್ದಾಳೆ. ಬರುತ್ತೇನೆಂದು ಮಗಳು ಇನ್ನೂ ಹೇಳಿಲ್ಲ.

ಇಂತಿ,
ಸದ್ಯಕ್ಕೆ ಒಬ್ಬನೇ ಉಣ್ಣುತ್ತಿರುವ
ಒಬ್ಬಳ ಅಪ್ಪ