ಒಸಿ ಕಮ್ಮಿ ಮಾಡವ್ವ

ದಟ್ಟಗಳ್ಳಿ, ಮೈಸೂರು
೧೪ ಜುಲೈ ೨೦೨೪

ಪ್ರೀತಿಯ ಚಿಕ್ಕಪ್ಪನಿಗೆ ನಯನಾಳ ಜೈಭೀಮ್.

ಇಲ್ಲಿಂದ ಕೆಸರೆಗೆ ಅರ್ಧ ಗಂಟೆಯ ದಾರಿ. ಆದರೂ ಒಂದು ತಿಂಗಳು ಬರಲಿಲ್ಲ, ಫೋನೂ ಮಾಡಲಿಲ್ಲ. ತಪ್ಪಾಯಿತು. ನಿಮ್ಮ ದನಿ ಕೇಳಿದರೆ ಬಾಯಿ ಕಟ್ಟುತ್ತದೆಂದು ಕಾಗದ ಹಿಡಿದಿದ್ದೇನೆ. ಮೊನ್ನೆ ಚಿಕ್ಕಮ್ಮ, "ನಿಮ್ ಚಿಕ್ಕಪ್ಪ ಕೆಲ್ಸ ಬುಟ್ಬುಟ್ರು ಕಣವ್ವ, ಮಂಡಿ ನೋವಂತೆ" ಎಂದರು. ಮಂಡಿ ನೋವಲ್ಲವೆಂದು ನನಗೆ ಗೊತ್ತು.

ಸಿದ್ದಲಿಂಗಮ್ಮನವರ ಆಪರೇಷನ್ ದಿನ ಮತ್ತು ಕೊಡುವ ಡಾಕ್ಟರ್ ನಾನೇ. ಅವರ ಎಡ ಶ್ವಾಸಕೋಶವನ್ನು ನಿಲ್ಲಿಸಿ, ಬಲದ್ದರಲ್ಲೇ ಉಸಿರಾಡಿಸುತ್ತಿದ್ದೆ. ರಕ್ತದ ಆಮ್ಲಜನಕ ನೂರಕ್ಕೆ ಎಂಬತ್ತನಾಲ್ಕಕ್ಕೆ ಬಿತ್ತು. ನಾನು ಉಸಿರಿನ ಕೊಳವೆ ಜರುಗಿತೇನೋ ಎಂದು ಅದನ್ನೇ ಮತ್ತೆ ಮತ್ತೆ ನೋಡುತ್ತಿದ್ದೆ. ಮೂವತ್ತು ವರ್ಷದಿಂದ ಆ ಥಿಯೇಟರಿನಲ್ಲೇ ಟೆಕ್ನೀಷಿಯನ್ ಆಗಿದ್ದ ನೀವು ಪಕ್ಕಕ್ಕೆ ಬಂದು, "ಗ್ಯಾಸು ಜಾಸ್ತಿ ಆಯ್ತು, ಒಸಿ ಕಮ್ಮಿ ಮಾಡವ್ವ. ನರಕ್ಕೆ ಮದ್ದು ಕೊಡು" ಎಂದಿರಿ.

"ಮೇಡಂ ಅನ್ನಿ ಶಿವರಾಮು. ನಿಮ್ಮ ಕೆಲಸ ನೋಡ್ಕೊಳ್ಳಿ" ಎಂದೆ. ಎಲ್ಲರೆದುರು, ಹೆಸರು ಹಿಡಿದು. ಅಪ್ಪ ಹೋದ ಮೇಲೆ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಪರೀಕ್ಷೆಗೆ ಕರೆದೊಯ್ದವರು ನೀವು.

ಉಸಿರಾಡದ ಶ್ವಾಸಕೋಶ ತನ್ನ ರಕ್ತನಾಳಗಳನ್ನು ತಾನೇ ಬಿಗಿ ಮಾಡಿಕೊಂಡು, ರಕ್ತವನ್ನು ಉಸಿರಾಡುವ ಕಡೆಗೆ ತಿರುಗಿಸುತ್ತದೆ. ನಾವು ಕೊಡುವ ಮತ್ತಿನ ಗ್ಯಾಸ್ ಹೆಚ್ಚಾದರೆ ಆ ಬಿಗಿ ಸಡಿಲವಾಗಿ, ರಕ್ತ ಆಮ್ಲಜನಕವಿಲ್ಲದೆ ಬಂದ ಹಾಗೇ ಹಿಂದಿರುಗುತ್ತದೆ. ಪರೀಕ್ಷೆಯಲ್ಲಿ ಇದನ್ನು ಎರಡು ಪುಟ ಬರೆದವಳು ನಾನು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಅವ್ವ ಸುಮ್ಮನೆ ಹೇಳುತ್ತಿರಲಿಲ್ಲ. ನೀವು ತಲೆ ತಗ್ಗಿಸಿ ಹೊರಗೆ ಹೋದ ಮೇಲೆ ಕದ್ದವಳ ಹಾಗೆ ಗ್ಯಾಸ್ ಇಳಿಸಿದೆ, ಅದರ ಬದಲಿಗೆ ಮತ್ತಿನ ಮದ್ದನ್ನು ನರಕ್ಕೆ ಕೊಟ್ಟೆ. ಆಮ್ಲಜನಕ ತೊಂಬತ್ತೈದಕ್ಕೆ ಏರಿತು. "ಭೇಷ್ ನಯನಾ" ಎಂದರು ಸರ್ಜನ್ ವಿಜಯ್‌ಕುಮಾರ್. ಥ್ಯಾಂಕ್ಸ್ ಅಂದೆ.

ಸಿದ್ದಲಿಂಗಮ್ಮ ಚೆನ್ನಾಗಿದ್ದಾರೆ, ನಡೆದುಕೊಂಡೇ ಮನೆಗೆ ಹೋದರು. ನಿನ್ನೆ ಆಸ್ಪತ್ರೆಯ ಮೀಟಿಂಗಿನಲ್ಲಿ, ಅದು ಶಿವರಾಮು ಅವರು ಹೇಳಿಕೊಟ್ಟದ್ದು ಎಂದು ಎಲ್ಲರ ಮುಂದೆ ಒಪ್ಪಿಕೊಂಡೆ. ನನ್ನ ಪ್ರಾಮಾಣಿಕತೆಗೆ ಚಪ್ಪಾಳೆ ತಟ್ಟಿದರು. ನನಗೆ ನಾಚಿಕೆಯಾಯಿತು.

ದಯವಿಟ್ಟು ಕೆಲಸಕ್ಕೆ ವಾಪಸ್ ಬನ್ನಿ. ಚಿಕ್ಕಮ್ಮನಿಗೆ ನಮಸ್ಕಾರ. ಬೈದಾದರೂ ಆಶೀರ್ವಾದ ಮಾಡಿ.

ನಿಮ್ಮ ಮಗಳು,
ನಯನಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಅವತ್ತು ವಿಜಯ್‌ಕುಮಾರ್, "ಅವ್ವ ಅಂದ್ರಲ್ಲ, ನಿಮಗೇನಾಗ್ಬೇಕು ಅವರು?" ಎಂದು ಕೇಳಿದರು. "ಏನೂ ಇಲ್ಲ ಸಾರ್, ಕೆಸರೆ ಕಡೆಯವರು ಎಲ್ರನ್ನೂ ಹಂಗೇ ಕರೀತಾರೆ" ಎಂದೆ. ಬಾಗಿಲಾಚೆ ನೀವು ಸಿಲಿಂಡರ್ ಹಿಡಿದು ನಿಂತಿದ್ದಿರಿ. ನಿನ್ನೆ ಚಪ್ಪಾಳೆಯಾದ ಮೇಲೆ ಅವರು ಮತ್ತೆ ಕೇಳಿದರು. ಮತ್ತೆ ಅದನ್ನೇ ಹೇಳಿದೆ, ಚಿಕ್ಕಪ್ಪ.