ಕವಲಿನ ತುದಿಯಲ್ಲಿ ಯಾರೂ ಇಲ್ಲ

ಪಿಟ್ಸ್‌ಬರ್ಗ್,
ಮಾರ್ಚ್ ೯

ಪ್ರೀತಿಯ ಹ್ಯಾರಿಯೆಟ್ ಅಕ್ಕನಿಗೆ,

ಅಕ್ಕಾ, ತೆರೆ ಎದ್ದಿದೆ, ದೀಪ ಹತ್ತಿದೆ, ನಿನ್ನ ತಮ್ಮ ಗೆದ್ದಿದ್ದಾನೆ! ಇಷ್ಟು ದಿನ ಕಾಗದ ಹಾಕಲಿಲ್ಲವೆಂದು ಬೈಯಬೇಡ. ಸೋತ ಸುದ್ದಿಯನ್ನೇ ಎಷ್ಟು ಸಲ ಬರೆಯಲಿ? ಕೆಲಸ ಸಿಕ್ಕಿತು. ಕೆಲಸದ ಜೊತೆಗೆ ಆರೋಗ್ಯ ವಿಮೆ! ಲೋರ್ನಾಳ ಡಯಾಲಿಸಿಸ್ ಇನ್ನು ನಿಲ್ಲುವುದಿಲ್ಲ. ಸುದ್ದಿ ಕೇಳಿ ನನ್ನ ಹೆಂಡತಿ ಏನಂದಳು ಗೊತ್ತೇ? "ಕಿರುಚಬೇಡಿ ಡೆಸ್ಮಂಡ್, ಹೋಗಿರೋದು ಕಿಡ್ನಿ. ಕಿವಿ ಚೆನ್ನಾಗೇ ಇದೆ!"

ನಮ್ಮ ರಂಗಮಂದಿರಕ್ಕೆ ಬೀಗ ಬಿದ್ದಮೇಲೆ ಪ್ರೋಗ್ರಾಮಿಂಗ್ ಕಲಿತೆನಲ್ಲ, ಪ್ರತಿ ಸಂದರ್ಶನದಲ್ಲೂ ಒಂದೇ ಕಡೆ ಮುಗ್ಗರಿಸುತ್ತಿದ್ದೆ. ಅಲ್ಲಿ ಕಂಪ್ಯೂಟರ್ ಕೊಡುವುದಿಲ್ಲ. ಬಿಳಿ ಹಲಗೆಯ ಮೇಲೆ, ಎಲ್ಲರೆದುರು, ಕೈಯಲ್ಲೇ ಬರೆಯಬೇಕು. ಮೊನ್ನೆ ಜಾನೆಲ್ ಎಂಬ ಎಂಜಿನಿಯರ್ ತಲೆಕೆಳಗಾದ ಮರವೊಂದನ್ನು ಬರೆದಳು. ಬೈನರಿ ಟ್ರೀ! ಬೇರು ಮೇಲೆ, ಪ್ರತಿ ಗಂಟಿನ ಕೆಳಗೆ ಎಡಕ್ಕೊಂದು, ಬಲಕ್ಕೊಂದು ಕವಲು.

"ಇದು ಎಷ್ಟು ಆಳ ಇದೆ? ಕಂಡುಹಿಡಿಯೋ ಪ್ರೋಗ್ರಾಂ ಬರೀರಿ."

ಇದು ನಾಟಕವೇ ಅಲ್ಲವೇ ಅಕ್ಕಾ! ಪ್ರತಿ ಗಂಟೂ ಒಬ್ಬ ಪಾತ್ರಧಾರಿ, ಎಲ್ಲರಿಗೂ ಒಂದೇ ಮಾತು: ಎಡದವನನ್ನು ಕೇಳು, ಬಲದವನನ್ನು ಕೇಳು, ದೊಡ್ಡ ಉತ್ತರಕ್ಕೆ ನಿನ್ನದೊಂದು ಸೇರಿಸಿ ಮೇಲಿನವನಿಗೆ ಹೇಳು. ಬರೆದೆ. ಬೀಗಿದೆ.

"ಚೆನ್ನಾಗಿದೆ. ಆದ್ರೆ ಇಲ್ಲಿ ಕೆಳಗೆ ಯಾರೂ ಇಲ್ವಲ್ಲ?" ಜಾನೆಲ್ ತುದಿಯ ಗಂಟಿಗೆ ಬೆರಳಿಟ್ಟಳು. "ಯಾರನ್ನ ಕೇಳ್ತೀರಿ?"

ಅದೇ! ಎಲ್ಲಿ ನಿಲ್ಲಬೇಕೆಂದು ಹೇಳುವ, ಪ್ರತಿ ಸಲ ನನ್ನಿಂದ ಬಿಟ್ಟುಹೋಗುವ ಆ ಮೊದಲ ಸಾಲು. ಅದಿಲ್ಲದಿದ್ದರೆ ಪ್ರೋಗ್ರಾಂ ಇಲ್ಲದವನನ್ನು ಕೂಗಿ ಅಲ್ಲೇ ಕುಸಿಯುತ್ತದೆ. ಮಾರ್ಕರಿನ ಮುಚ್ಚಳ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ.

"ನೀರು ಕುಡೀರಿ, ಅವಸರ ಏನಿಲ್ಲ," ಅಂದಳು ಪುಣ್ಯಾತ್ಗಿತ್ತಿ.

ಕುಡಿದೆ. ಹಲಗೆಯ ನೆತ್ತಿಯಲ್ಲಿ ಬರೆದೆ: ಯಾರೂ ಇಲ್ಲದಿದ್ದರೆ ಸೊನ್ನೆ, ಹಿಂತಿರುಗು. ಅಷ್ಟೇ! ತುದಿಯಿಂದ ಉತ್ತರಗಳು ಒಂದರ ಹಿಂದೊಂದು ಮೇಲೇರಿ ಬಂದವು.

"ಸರಿಯಾಗಿದೆ," ಜಾನೆಲ್ ನಕ್ಕಳು. "ನಮ್ಮ ಮೀಟಿಂಗಲ್ಲಿ ನಿಮಗೆ ಮೈಕ್ ಮಾತ್ರ ಕೊಡಲ್ಲ."

ನಿನ್ನ ಮಂಡಿನೋವು ಬೇಗ ಇಳಿಯಲಿ. ಮಕ್ಕಳು ಮೊಮ್ಮಕ್ಕಳಿಗೆಲ್ಲ ಈ ಮಾವನ, ಅಜ್ಜನ ಆಶೀರ್ವಾದ. ಎಲ್ಲರೂ ತಣ್ಣಗಿರಿ.

ನಿನ್ನ ಗಲಾಟೆಯ ತಮ್ಮ,
ಡೆಸ್ಮಂಡ್

ತಾ.ಕ.: ಮನೆಯಲ್ಲಿ ಅಭ್ಯಾಸಕ್ಕೆ ನಮ್ಮವರ ಹೆಸರುಗಳ ಮರವನ್ನೇ ಬರೆಯುತ್ತಿದ್ದೆ. ನನ್ನ ಕೆಳಗೆ ಎಡಕ್ಕೆ ಮಗಳು ನೋರಾ, ಬಲಕ್ಕೆ ಸಿರಿಲ್. ಮಗನನ್ನು ಮಣ್ಣು ಮಾಡಿ ಬಂದಮೇಲೂ ಹಾಗೇ ಬರೆದೆ. ಅಲ್ಲಿ ಯಾರೂ ಇಲ್ಲ ಎಂದು ಬರೆಯಲು ಕೈ ಬರುತ್ತಿರಲಿಲ್ಲ, ಅಕ್ಕಾ. ಮೊನ್ನೆ ಬರೆದೆ. ಬರೆದು, ಹಿಂತಿರುಗಿ ಬಂದೆ.